ವಶೀಲಿಯಲ್ಲ, ವಕೀಲ ಬೇಕು

ನಡುರಾತ್ರಿ ಬಾಗಿಲು ಬಡಿದ ಸದ್ದಾಗುತ್ತದೆ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ದಿನವಿಡೀ ದುಡಿದು ಬಂದು ಮಲಗಿದ್ದ ಮಗನನ್ನು ಸ್ವಲ್ಪ ವಿಚಾರಿಸುವುದಿದೆ ಎಂದು ಠಾಣೆಗೆ ಕರೆದೊಯ್ಯಲಾಗುತ್ತದೆ. ಆ ಬಳಿಕ ಆ ಮನೆಯಲ್ಲಿ ಏನೇನು ನಡೆಯುತ್ತದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ತಂದೆ ಮೊದಲು ಓಡುವುದು ವಾರ್ಡಿನ ಸದಸ್ಯರ ಮನೆಗೆ. ಅಲ್ಲಿಂದ ಪಕ್ಷದ ಮುಖಂಡರ ಮನೆಗೆ. ಅಲ್ಲಿಂದ, ಸಾಹೇಬರ ಪರಿಚಯ ತನಗೆ ಚೆನ್ನಾಗಿದೆ ಎಂದು ಹೇಳಿಕೊಳ್ಳುವ ಮಧ್ಯವರ್ತಿಯ ಬಳಿಗೆ. ತಾಯಿ ಟ್ರಂಕು ತೆರೆದು ಉಳಿದಿರುವ ಬಂಗಾರವೆಷ್ಟೆಂದು ನೋಡುತ್ತಾಳೆ. ವಕೀಲರ ನೆನಪಾಗುವುದು ಮೂರನೆಯ ದಿನ, ಹಣವೂ ತೀರಿ ಮುಖಂಡರ ಫೋನೂ ಸ್ವಿಚ್ ಆಫ್ ಆದ ಮೇಲೆ. ಅಷ್ಟರಲ್ಲಿ ಹುಡುಗನಿಗೆ ನಿಜಕ್ಕೂ ವಕೀಲರ ಅಗತ್ಯವಿದ್ದ ಗಳಿಗೆ ಕಳೆದುಹೋಗಿರುತ್ತದೆ.

ಇತ್ತ ಮೊಹಲ್ಲಾದಲ್ಲಿ ಇನ್ನೊಂದು ವಿಚಾರಣೆ ಆರಂಭವಾಗುತ್ತದೆ. ಮಾಡದೇ ಇದ್ದರೆ ಪೊಲೀಸರೇಕೆ ಹಿಡಿಯುತ್ತಾರೆ ಎನ್ನುವವರು ಒಂದು ಕಡೆ. ನಮ್ಮ ಹುಡುಗರು ಏನನ್ನೂ ಮಾಡುವವರೇ ಅಲ್ಲ, ಎಲ್ಲವೂ ಸುಳ್ಳು ಕೇಸು ಎನ್ನುವವರು ಇನ್ನೊಂದು ಕಡೆ. ತಂಗಿಯ ನಿಶ್ಚಿತಾರ್ಥ ಮುಂದಕ್ಕೆ ಹೋಗುತ್ತದೆ. ಜಮಾಅತಿನ ಹಿರಿಯರು ಮೌನ ವಹಿಸುತ್ತಾರೆ. ಎಫ್‌ಐಆರ್‌ನ ಪ್ರತಿಯನ್ನು ಓದಿ ನೋಡಿದವರು ಮಾತ್ರ ಈ ಎರಡೂ ಗುಂಪುಗಳಲ್ಲಿ ಯಾರೂ ಇರುವುದಿಲ್ಲ. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದು, ಅದರಿಂದ ಅಮಾಯಕರಿಗೆ ಹಾನಿಯಾದೀತು ಎಂದು ಪವಿತ್ರ ಕುರ್‌ಆನ್ ಎಚ್ಚರಿಸಿದ್ದು ಯಾರನ್ನು?

ಪ್ರವಾದಿ ಮುಹಮ್ಮದ್(ಸ)ರ ಕಾಲದ ಒಂದು ಘಟನೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಮಕ್ಝೂಮ್ ಎಂಬ ಪ್ರತಿಷ್ಠಿತ ಕುಲದ ಮಹಿಳೆಯೊಬ್ಬಳು ಕಳ್ಳತನ ಮಾಡಿದಳು. ಕುಲದವರು ಏನು ಮಾಡಿದರು? ಪ್ರವಾದಿಯವರಿಗೆ ಆಪ್ತರಾಗಿದ್ದ ಉಸಾಮ(ರ)ರನ್ನು ಹಿಡಿದರು. ತಮ್ಮ ಪರ ಒಂದು ಮಾತು ಹೇಳಬೇಕೆಂದು ಬೇಡಿಕೊಂಡರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ವಶೀಲಿ ಹಚ್ಚಿದರು. ಪ್ರವಾದಿಯವರು ಕೋಪಗೊಂಡರು. ಪ್ರತಿಷ್ಠಿತರನ್ನು ಬಿಟ್ಟು ದುರ್ಬಲರನ್ನು ದಂಡಿಸಿದ್ದರಿಂದಲೇ ಹಿಂದಿನ ಜನಾಂಗಗಳು ನಾಶವಾದವೆಂದು ನೆನಪಿಸಿದರು. ಸ್ವಂತ ಮಗಳೇ ಆಗಿದ್ದರೂ ಕಾನೂನು ಬದಲಾಗದೆಂದು ಸಾರಿದರು. ಈ ಘಟನೆಯನ್ನು ಖುತ್ಬಾಗಳಲ್ಲಿ ನಾವು ಕೇಳುತ್ತೇವೆ, ಕೇಳಿ ತಲೆದೂಗುತ್ತೇವೆ. ಮನೆಯ ಹುಡುಗ ಠಾಣೆಗೆ ಹೋದ ರಾತ್ರಿ ಮಾತ್ರ ನಮ್ಮ ಕಾಲು ನಮ್ಮ ಊರಿನ ಉಸಾಮರನ್ನು ಹುಡುಕಿಕೊಂಡು ಹೋಗುತ್ತದೆ. ಈ ಘಟನೆಗೆ ಇನ್ನೊಂದು ಕೊನೆಯೂ ಇದೆ. ಅದು ಖುತ್ಬಾಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅದನ್ನು ಮುಂದೆ ಹೇಳುತ್ತೇವೆ.

ವಶೀಲಿಗೂ ಹಕ್ಕಿಗೂ ಇರುವ ವ್ಯತ್ಯಾಸವನ್ನು ನಾವು ಅರಿತುಕೊಳ್ಳದಿರುವುದೇ ಇಲ್ಲಿನ ನಿಜವಾದ ಸಮಸ್ಯೆ ಎಂಬುದು ನಮ್ಮ ಅಭಿಪ್ರಾಯ. ವಶೀಲಿ ಎಂದರೆ ಬೇರೆಯವರಿಗಿಲ್ಲದ ರಿಯಾಯಿತಿಯನ್ನು ನನಗೆ ಕೊಡಿ ಎಂಬ ಬೇಡಿಕೆ. ಹಕ್ಕು ಎಂದರೆ ಎಲ್ಲರಿಗೂ ಇರುವುದನ್ನು ನನಗೂ ಕೊಡಿ ಎಂಬ ಒತ್ತಾಯ. ಮೊದಲನೆಯದನ್ನು ಕೇಳಲು ತಲೆ ತಗ್ಗಿಸಬೇಕು, ಕಿಸೆ ಖಾಲಿ ಮಾಡಬೇಕು. ಎರಡನೆಯದಕ್ಕೆ ಕಾನೂನು ಗೊತ್ತಿದ್ದರೆ ಸಾಕು.

ಕಾನೂನಿನ ಈ ರಕ್ಷಣೆ ಇಲ್ಲದಿದ್ದಾಗ ಏನಾಗುತ್ತದೆಂಬುದನ್ನು ಮುಧೋಳದ ಮಣ್ಣಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯ ವಿರುದ್ಧ ಹಲಗಲಿಯ ಬೇಡರು ಸಿಡಿದೆದ್ದರು. ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಸುಟ್ಟಿತು. ಡಿಸೆಂಬರ್ ನಡುವಿನೊಳಗೆ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ 19 ಮಂದಿಯನ್ನು ನೇಣಿಗೇರಿಸಿಯಾಗಿತ್ತು. ಬಂಧನಕ್ಕೂ ನೇಣಿಗೂ ನಡುವೆ ಎರಡೇ ವಾರ. ಸಂವಿಧಾನವನ್ನು ಬರೆದವರಿಗೆ ಇಂತಹ ನೆನಪುಗಳು ದೂರದ್ದಾಗಿರಲಿಲ್ಲ. ಅವರಲ್ಲಿ ಅನೇಕರು ಸ್ವತಃ ಜೈಲು ಕಂಡವರು. ಆದ್ದರಿಂದಲೇ ಆರೋಪಿಯ ಹಕ್ಕುಗಳನ್ನು ಅವರು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿಯೇ ಸೇರಿಸಿದರು.

22ನೇ ವಿಧಿಯ ಪ್ರಕಾರ ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಸಲೇಬೇಕು. ತನ್ನ ಆಯ್ಕೆಯ ವಕೀಲರನ್ನು ಕಾಣುವ ಅವಕಾಶವನ್ನು ನಿರಾಕರಿಸುವಂತಿಲ್ಲ. ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 20ನೇ ವಿಧಿಯು ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತಪಡಿಸಬಾರದೆನ್ನುತ್ತದೆ. 1996ರ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಕೆಲವನ್ನು ಸೇರಿಸಿತು. ಬಂಧಿಸುವ ಪೊಲೀಸರು ಹೆಸರು-ಹುದ್ದೆಯ ಪಟ್ಟಿ ಧರಿಸಿರಬೇಕು. ಬಂಧನದ ಪತ್ರ ಸ್ಥಳದಲ್ಲಿಯೇ ಸಿದ್ಧವಾಗಬೇಕು. ಅದಕ್ಕೆ ಮನೆಯವರೋ ಊರಿನ ಗೌರವಾನ್ವಿತರೋ ಸಾಕ್ಷಿ ಹಾಕಬೇಕು. ಎಲ್ಲಿ ಇಡಲಾಗಿದೆ ಎಂಬುದನ್ನು ಕುಟುಂಬಕ್ಕೆ ತಿಳಿಸಬೇಕು. ವೈದ್ಯಕೀಯ ಪರೀಕ್ಷೆ ಆಗಬೇಕು. 2025ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯ ಒಂದು ಹೆಜ್ಜೆ ಮುಂದೆ ಹೋಯಿತು: ಅಪರಾಧ ಯಾವುದೇ ಇರಲಿ, ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ತಕ್ಷಣ ಸಾಧ್ಯವಾಗದಿದ್ದರೆ ಬಾಯಿಮಾತಿನಲ್ಲಿ ಹೇಳಿ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಬರಹದಲ್ಲಿ ಕೊಡಬೇಕು. ಆ ಎರಡು ಗಂಟೆಗಳು ಇರುವುದು ವಕೀಲರಿಗಾಗಿ. ಆ ಹೊತ್ತಿಗೆ ನಾವು ಮುಖಂಡರ ಮನೆಯ ಜಗುಲಿಯ ಮೇಲೆ ಕಾಯುತ್ತ ಕುಳಿತಿದ್ದರೆ ತೀರ್ಪು ಎಷ್ಟು ಉದಾತ್ತವಾಗಿದ್ದರೇನು?

2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ, ದಂಡಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಕಾಯ್ದೆಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಕಲಮುಗಳ ಸಂಖ್ಯೆ ಬದಲಾಗಿದೆ, ಆದರೆ ಮೇಲೆ ಹೇಳಿದ ಹಕ್ಕುಗಳು ಉಳಿದಿವೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಇಂದಿಗೂ ಸಾಕ್ಷ್ಯವಲ್ಲ. ಅದರಿಂದ ಏನಾದರೂ ವಸ್ತು ಪತ್ತೆಯಾದರೆ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ತನಿಖೆಯ ವೇಳೆ ಬರೆದುಕೊಳ್ಳುವ ಹೇಳಿಕೆಗೆ ಹೇಳಿದವನ ಸಹಿ ಹಾಕಿಸುವಂತಿಲ್ಲ. ಖಾಲಿ ಹಾಳೆಗೆ ಸಹಿ ಮಾಡಿಬಿಡು, ಬಿಟ್ಟು ಕಳಿಸುತ್ತಾರೆ ಎಂದು ಸಲಹೆ ಕೊಡುವ ಮಧ್ಯವರ್ತಿ ಯಾರ ಹಿತೈಷಿಯೆಂದು ಇದರಿಂದಲೇ ತಿಳಿಯಬಹುದು. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನ ಯಾಂತ್ರಿಕವಾಗಿ ನಡೆಯಬಾರದು, ಮೊದಲು ನೋಟೀಸು ಕೊಡುವುದು ನಿಯಮವಾಗಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಆ ನಿಯಮವೂ ಹೊಸ ಸಂಹಿತೆಯ 35ನೇ ಕಲಮಿನಲ್ಲಿದೆ. ಆದರೆ ನೋಟೀಸು ಬಂದವನು ಹೆದರಿ ಮಿರಜಿಗೋ ಇಚಲಕರಂಜಿಗೋ ಓಡಿಹೋದರೆ ಆ ರಕ್ಷಣೆಯನ್ನು ಸ್ವತಃ ಕಳೆದುಕೊಂಡಂತೆ. ಹೊಸ ಸಂಹಿತೆಯಲ್ಲಿ ಆತಂಕಕ್ಕೆ ಕಾರಣವೂ ಇದೆ. ಹಿಂದೆ ಪೊಲೀಸ್ ವಶಕ್ಕೆ ಕೇಳುವ ಅವಕಾಶ ಮೊದಲ 15 ದಿನಗಳಿಗೆ ಸೀಮಿತವಾಗಿತ್ತು. ಈಗ ಆ 15 ದಿನಗಳನ್ನು ತುಂಡುತುಂಡಾಗಿ, ಪ್ರಕರಣದ ಸ್ವರೂಪಕ್ಕನುಗುಣವಾಗಿ ಮೊದಲ 40 ಅಥವಾ 60 ದಿನಗಳಲ್ಲಿ ಯಾವಾಗ ಬೇಕಾದರೂ ಕೇಳಬಹುದು. ಜೈಲಿಗೆ ಕಳಿಸಿದರು, ಇನ್ನು ಠಾಣೆಯ ಭಯವಿಲ್ಲ ಎಂದು ಕುಟುಂಬ ನಿಟ್ಟುಸಿರು ಬಿಡುವ ದಿನಗಳು ಇನ್ನಿಲ್ಲ.

ವಕೀಲರಿಗೆ ಕೊಡಲು ಹಣವೆಲ್ಲಿದೆ ಎಂಬುದು ಕೂಡಲೇ ಬರುವ ಪ್ರಶ್ನೆ. ಉತ್ತರ ಸಂವಿಧಾನದ 39ಎ ವಿಧಿಯಲ್ಲಿದೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಈ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರು ಮತ್ತು ಬಂಧನದಲ್ಲಿರುವ ಯಾವುದೇ ವ್ಯಕ್ತಿ ಉಚಿತ ವಕೀಲರನ್ನು ಪಡೆಯಲು ಅರ್ಹರು. ಇವರಿಗೆ ಆದಾಯದ ಪ್ರಶ್ನೆಯೇ ಇಲ್ಲ. ಭಾಗಲ್ಪುರದಲ್ಲಿ ಪೊಲೀಸರು ಬಂಧಿತರನ್ನು ಕುರುಡಾಗಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆರೋಪಿಗೆ ಈ ಹಕ್ಕಿದೆಯೆಂದು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದು ಹೇಳಿತು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಗಳ ನ್ಯಾಯಾಲಯದ ಆವರಣದಲ್ಲಿಯೇ ವಿಚಾರಿಸಿದರೆ ತಾಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರಿಸುತ್ತಾರೆ, ಬಾಗಲಕೋಟೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ದೂರವಾಣಿ 15100. ಉಚಿತವಾಗಿ ಸಿಗುವ ವಕೀಲರು ಚೆನ್ನಾಗಿ ವಾದಿಸುವುದಿಲ್ಲ ಎಂಬ ತಿರಸ್ಕಾರ ನಮ್ಮಲ್ಲಿದೆ. ಕೆಲವೆಡೆ ಅದು ನಿಜವೂ ಇರಬಹುದು. ಆದರೆ ಮೊದಲ ರಿಮಾಂಡಿನ ದಿನ ಪಕ್ಕದಲ್ಲಿ ನಿಂತ ಸಾಮಾನ್ಯ ವಕೀಲರು, ಮೂರು ತಿಂಗಳ ನಂತರ ಬರುವ ಹೆಸರಾಂತ ವಕೀಲರಿಗಿಂತ ಹೆಚ್ಚು ಉಪಕಾರ ಮಾಡುತ್ತಾರೆ.

ನಮ್ಮ ಭಾಗದಲ್ಲಿ ವಕೀಲರೇ ಹಿಂದೆ ಸರಿದ ಉದಾಹರಣೆಯೂ ಇದೆ. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಪ್ರಕರಣ ದಾಖಲಾದಾಗ ಅಲ್ಲಿನ ವಕೀಲರ ಸಂಘ ಅವರ ಪರ ಯಾರೂ ವಕಾಲತ್ತು ವಹಿಸಬಾರದೆಂದು ನಿರ್ಣಯಿಸಿತು. ಇಂತಹ ನಿರ್ಣಯಗಳು ಅಸಿಂಧುವೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ, ತಮಿಳುನಾಡಿನ ಮುಹಮ್ಮದ್ ರಫಿ ಪ್ರಕರಣದಲ್ಲಿ, ಸ್ಪಷ್ಟಪಡಿಸಿತ್ತು. ರಾಜ್ಯ ಹೈಕೋರ್ಟ್ ಸಂಘದ ನಡೆಯನ್ನು ಕಟುವಾಗಿ ಟೀಕಿಸಿತು. ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ನ್ಯಾಯಾಲಯಕ್ಕೆ ಹೋಗಿ ಅರ್ಜಿ ಹಾಕಬೇಕಾಯಿತು. ಅವಮಾನ, ತಳ್ಳಾಟಗಳನ್ನು ಸಹಿಸಿ ಅವರು ನಿಂತದ್ದು ಯಾವುದೋ ಧರ್ಮದ ಪರವಾಗಿ ಅಲ್ಲ, ಆರೋಪಿಗೆ ವಕೀಲರಿರಬೇಕು ಎಂಬ ತತ್ವದ ಪರವಾಗಿ. ಅದೇ ವರ್ಷ, ದೋಷಾರೋಪ ಪಟ್ಟಿ ಅವಧಿಯೊಳಗೆ ಸಲ್ಲಿಕೆಯಾಗದ ಕಾರಣ, ಆ ವಿದ್ಯಾರ್ಥಿಗಳಿಗೆ ಜಾಮೀನು ದೊರೆಯಿತು.

ಅವಧಿಯ ಈ ಲೆಕ್ಕ ಪ್ರತಿ ಕುಟುಂಬಕ್ಕೂ ಬಾಯಿಪಾಠವಾಗಿರಬೇಕು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಆರೋಪವಿದ್ದರೆ 90 ದಿನ, ಉಳಿದವುಗಳಿಗೆ 60 ದಿನ. ಅಷ್ಟರೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕು. ಆದರೆ ಅರ್ಜಿ ಹಾಕಬೇಕು. ಹಾಕುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಹಕ್ಕು ಕೈತಪ್ಪುತ್ತದೆ. 61ನೆಯ ದಿನ ಬೆಳಿಗ್ಗೆ ನ್ಯಾಯಾಲಯದ ಬಾಗಿಲಲ್ಲಿರುವ ವಕೀಲರು ಬೇಕು. ಯುಎಪಿಎಯಂತಹ ಕಾಯ್ದೆಗಳಲ್ಲಿ ಈ ಅವಧಿಯನ್ನು 180 ದಿನಗಳಿಗೆ ವಿಸ್ತರಿಸಬಹುದು, ಜಾಮೀನಿನ ಬಾಗಿಲೂ ಅಲ್ಲಿ ತೀರಾ ಕಿರಿದು. ಅಂತಹ ಪ್ರಕರಣಗಳಲ್ಲಿಯೂ ವಿಚಾರಣೆ ಅತಿಯಾಗಿ ವಿಳಂಬವಾದರೆ ಜಾಮೀನು ಕೊಡಬಹುದೆಂದು 2021ರ ನಜೀಬ್ ತೀರ್ಪು ಹೇಳುತ್ತದೆ. ವಿಳಂಬ ಎಂದರೆ ಏನೆಂದು ತಿಳಿಯಲು ಮತ್ತೆ ಹುಬ್ಬಳ್ಳಿಯನ್ನೇ ನೋಡಬೇಕು. 2008ರಲ್ಲಿ ಭಯೋತ್ಪಾದನೆಯ ಸಂಚಿನ ಆರೋಪದಲ್ಲಿ ಬಂಧಿತರಾದ 17 ಮಂದಿಯನ್ನು ಅಲ್ಲಿನ ನ್ಯಾಯಾಲಯ 2015ರಲ್ಲಿ ಖುಲಾಸೆಗೊಳಿಸಿತು. ಬಂಧನದ ದಿನ ಪತ್ರಿಕೆಗಳ ಮುಖಪುಟವಿತ್ತು. ಖುಲಾಸೆಯ ದಿನ ಎಷ್ಟು ಜಾಗವಿತ್ತು? ಏಳು ವರ್ಷ ಅವರ ಮನೆಗಳಿಗೆ ಹೋಗದೆ ತಪ್ಪಿಸಿಕೊಂಡ ನಮ್ಮವರೂ ಇದ್ದರಲ್ಲವೇ, ಅವರಲ್ಲಿ ಎಷ್ಟು ಜನ ಕ್ಷಮೆ ಕೇಳಿದರು?

ಇಂತಹ ದೊಡ್ಡ ಪ್ರಕರಣಗಳನ್ನು ಬಿಟ್ಟು, ನಮ್ಮ ನಾಲ್ಕು ಪಟ್ಟಣಗಳ ಸಾಮಾನ್ಯ ಜಗಳ, ಕಳವು, ಅಪಘಾತದ ಪ್ರಕರಣಗಳಿಗೆ ಬರೋಣ. ಇಲ್ಲಿ ಹುಡುಗನನ್ನು ಒಳಗಿಡುವುದು ಹೆಚ್ಚಾಗಿ ಕಠಿಣ ಕಾನೂನಲ್ಲ, ಜಾಮೀನುದಾರನ ಅಭಾವ. ಆದೇಶವಾಗಿರುತ್ತದೆ, ಆದರೆ ಹೊಲದ ಉತಾರ ತಂದು ನಿಲ್ಲುವವರಿರುವುದಿಲ್ಲ. ನೇಕಾರನಿಗೆ ಹೊಲವೆಲ್ಲಿದೆ? ಬಾಡಿಗೆ ಮನೆಯ ಹಮಾಲನಿಗೆ ಉತಾರವೆಲ್ಲಿದೆ? 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಬಡ ಗೌಂಡಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟರೂ ಕೆಳಗಿನ ನ್ಯಾಯಾಲಯ ಹತ್ತು ಸಾವಿರದ ಜಾಮೀನುದಾರನನ್ನು ಕೇಳಿತು. ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ತಿರಸ್ಕರಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಖಂಡಿಸಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಆದೇಶಿಸಿದರು. ಸಾಂಗಲಿ, ಸೊಲ್ಲಾಪುರಗಳಲ್ಲಿ ಬೀಗರು ನೆಂಟರಿರುವ ನಮ್ಮ ಜನ ಈ ತೀರ್ಪನ್ನು ನೆನಪಿಡಬೇಕು. ಜಾಮೀನಿಗೆ ಅರ್ಹವಾದ ಅಪರಾಧಗಳಲ್ಲಿ ಒಂದು ವಾರದೊಳಗೆ ಜಾಮೀನುದಾರನನ್ನು ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂಬುದು ಈಗ ಕಾನೂನಿನಲ್ಲಿಯೇ ಇದೆ. ಜಾಮೀನಿನ ಹಣ ಕಟ್ಟಲಾಗದ ಬಡ ಕೈದಿಗಳಿಗೆ ನೆರವಾಗುವ ಕೇಂದ್ರದ ಯೋಜನೆಯೂ 2023ರಿಂದ ಇದೆ.

2022ರ ಅಂತ್ಯಕ್ಕೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು ಇನ್ನೂ ಅಪರಾಧಿಗಳೆಂದು ಸಾಬೀತಾಗದವರು. ಅವರಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಯಲ್ಲಿನ ನಮ್ಮ ಪಾಲಿಗಿಂತ ಹೆಚ್ಚು. 1979ರಲ್ಲಿ ಬಿಹಾರದ ಜೈಲುಗಳಲ್ಲಿ, ತಮ್ಮ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಪರವಾಗಿ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಶೀಘ್ರ ವಿಚಾರಣೆ ಜೀವಿಸುವ ಹಕ್ಕಿನ ಭಾಗವೆಂದು ಸಾರಿದ ಆ ತೀರ್ಪಿಗೆ ಇಂದಿಗೂ ಒಬ್ಬ ಬಡ ಮುಸ್ಲಿಮ್ ಕೈದಿಯ ಹೆಸರೇ ಇದೆ: ಹುಸೈನಾರಾ ಖಾತೂನ್. ಈಗಿನ ಸಂಹಿತೆಯ 479ನೇ ಕಲಮಿನ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿಯ ಆರೋಪವಿಲ್ಲದ, ಬೇರೆ ಪ್ರಕರಣಗಳೂ ಬಾಕಿಯಿಲ್ಲದ, ಹಿಂದೆಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಕಳೆದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಹಳೆಯ ಪ್ರಕರಣಗಳಿಗೂ ಇದು ಅನ್ವಯವೆಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹುಡುಗ ನಿಜವಾಗಿಯೂ ತಪ್ಪು ಮಾಡಿದ್ದರೆ? ಆಗ ಅವನನ್ನು ಬಚ್ಚಿಡುವುದು, ಸಾಕ್ಷಿಗಳನ್ನು ಹೆದರಿಸುವುದು, ನೊಂದವರ ಮನೆಗೆ ಹೋಗಿ ಒತ್ತಡ ಹೇರುವುದು ಎಲ್ಲವೂ ಪಾಪ, ಜೊತೆಗೆ ಹೊಸ ಅಪರಾಧ. ನಮ್ಮವರ ವಿರುದ್ಧವೇ ಆದರೂ ನ್ಯಾಯದ ಪರ ಸಾಕ್ಷಿ ಹೇಳಬೇಕೆಂಬುದು ಕುರ್‌ಆನಿನ ಆಜ್ಞೆ. ಆದರೆ ಶಿಕ್ಷೆಯೆಂದರೆ ಜೈಲೊಂದೇ ಎಂದು ಕಾನೂನು ಎಂದೂ ಹೇಳಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದಕ್ಕಾಗಿಯೇ ಇದೆ. ಸಣ್ಣ ಕಳವಿನಂತಹ ಅಪರಾಧದಲ್ಲಿ ಮೊದಲ ಬಾರಿ ಸಿಕ್ಕಿಬಿದ್ದವನಿಗೆ ಬುದ್ಧಿ ಹೇಳಿ ಬಿಟ್ಟುಬಿಡಬಹುದು. ಮರಣದಂಡನೆ, ಜೀವಾವಧಿಯಲ್ಲದ ಅಪರಾಧಗಳಲ್ಲಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮೂರು ವರ್ಷಗಳವರೆಗೆ ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿ ಹೊರಗಿಡಬಹುದು. 21 ವರ್ಷ ತುಂಬದವನನ್ನು ಜೈಲಿಗೆ ಕಳಿಸಬೇಕಾದರೆ ನ್ಯಾಯಾಧೀಶರು ಕಾರಣ ಬರೆಯಲೇಬೇಕು. 18ರ ಒಳಗಿನವನಂತೂ ಠಾಣೆಯ ಲಾಕಪ್ಪಿನಲ್ಲಿ ಇರಕೂಡದು, ಅವನು ಬಾಲನ್ಯಾಯ ಮಂಡಳಿಗೆ ಸೇರಿದವನು. ಆದ್ದರಿಂದ ಶಾಲೆಯ ದಾಖಲೆ, ಜನನ ಪ್ರಮಾಣಪತ್ರ ಮನೆಯಲ್ಲಿರಲಿ. ಹೊಸ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಯ ಪಟ್ಟಿಗೆ ಸೇರಿಸಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದವನು ಅದನ್ನು ಅಥವಾ ಅದರ ಬೆಲೆಯನ್ನು ಹಿಂತಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಬದ್ರ್‌ನ ಯುದ್ಧಕೈದಿಗಳಲ್ಲಿ ಓದುಬರಹ ಬಲ್ಲವರನ್ನು, ಮದೀನದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಬಿಡುಗಡೆ ಎಂದು ಬಿಟ್ಟ ಚರಿತ್ರೆಯುಳ್ಳವರಿಗೆ ಈ ಕಲ್ಪನೆ ಹೊಸದೆನಿಸಬಾರದು.

ಒಂದು ಎಚ್ಚರಿಕೆ. ಏಳು ವರ್ಷದವರೆಗಿನ ಅಪರಾಧಗಳಲ್ಲಿ, ಮಹಿಳೆಯರು ಮತ್ತು ಮಕ್ಕಳ ವಿರುದ್ಧದವುಗಳನ್ನು ಬಿಟ್ಟು, ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯುವ 'ಪ್ಲೀ ಬಾರ್ಗೇನಿಂಗ್' ವ್ಯವಸ್ಥೆ 2006ರಿಂದ ಜಾರಿಯಲ್ಲಿದೆ. ಹೊಸ ಸಂಹಿತೆಯಲ್ಲಿ ಇದಕ್ಕೆ ಆರೋಪ ನಿಗದಿಯಾದ 30 ದಿನಗಳೊಳಗೆ ಅರ್ಜಿ ಹಾಕಬೇಕು. ತಪ್ಪು ಮಾಡಿದವನಿಗೆ ಇದು ಒಳ್ಳೆಯ ದಾರಿ. ಮಾಡದವನಿಗೆ? ಕೋರ್ಟಿಗೆ ಅಲೆದು ಸಾಕಾಗಿದೆ, ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡು ಎಂದು ಹೇಳುವ ಬಂಧುಗಳು ಪ್ರತಿ ಮನೆಯಲ್ಲಿದ್ದಾರೆ. ಒಪ್ಪಿಕೊಂಡರೆ ಅದು ಅಪರಾಧಿಯೆಂಬ ತೀರ್ಪೇ. ನಾಳೆ ಪಾಸ್‌ಪೋರ್ಟಿಗೆ, ನೌಕರಿಗೆ ಅರ್ಜಿ ಹಾಕುವಾಗ ಆ ಬಂಧುಗಳು ಜೊತೆಗಿರುವುದಿಲ್ಲ.

ಈಗ ಆ ಮಕ್ಝೂಮ್ ಮಹಿಳೆಯ ಉಳಿದ ಕಥೆ. ಶಿಕ್ಷೆ ನೆರವೇರಿತು. ಆಮೇಲೆ ಆಕೆ ಮನಃಪೂರ್ವಕ ಪಶ್ಚಾತ್ತಾಪಪಟ್ಟಳು, ಆಕೆಗೆ ಮದುವೆಯಾಯಿತು. ಆಕೆ ಹಝ್ರತ್ ಆಯಿಶಾ(ರ)ರ ಮನೆಗೆ ಬಂದು ಹೋಗುತ್ತಿದ್ದಳು; ಆಕೆಯ ಬೇಕು-ಬೇಡಗಳನ್ನು ಅವರು ಪ್ರವಾದಿಯವರಿಗೆ ತಲುಪಿಸುತ್ತಿದ್ದರು. ಶಿಕ್ಷೆಯಲ್ಲಿ ರಿಯಾಯಿತಿ ಕೊಡದ ಆ ಮನೆಯ ಬಾಗಿಲು ಶಿಕ್ಷೆಯ ಬಳಿಕ ತೆರೆದೇ ಇತ್ತು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಶಿಕ್ಷೆ ತಪ್ಪಿಸಲು ಹತ್ತು ಜನ ಓಡಾಡುತ್ತಾರೆ, ಹಿಂಡಲಗಾದಿಂದಲೋ ವಿಜಯಪುರದ ದರ್ಗಾ ಜೈಲಿನಿಂದಲೋ ಬಿಡುಗಡೆಯಾಗಿ ಬಂದವನಿಗೆ ಮಗ್ಗದ ಮೇಲೆ ಕೂರಲು ಜಾಗ ಕೊಡುವವರು ಒಬ್ಬರೂ ಇರುವುದಿಲ್ಲ.

ಪರಿವೀಕ್ಷಣಾ ಕಾಯ್ದೆಯ 4ನೇ ಕಲಮಿನಲ್ಲಿ ಒಂದು ಷರತ್ತಿದೆ. ಅಪರಾಧಿಗೆ ಅಥವಾ ಅವನ ಜಾಮೀನುದಾರನಿಗೆ ನಿಶ್ಚಿತವಾದ ವಾಸಸ್ಥಳವೋ ಕಾಯಂ ಉದ್ಯೋಗವೋ ಇದೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಅಂದರೆ ಪವರ್‌ಲೂಮ್ ಮಾಲೀಕರೊಬ್ಬರು, ಈ ಹುಡುಗನಿಗೆ ನನ್ನ ಶೆಡ್ಡಿನಲ್ಲಿ ಕೆಲಸವಿದೆ ಎಂದು ಬರೆದುಕೊಡುವ ನಾಲ್ಕು ಸಾಲು ಒಬ್ಬನನ್ನು ಜೈಲಿನಿಂದ ಹೊರಗಿಡಲು ನೆರವಾಗಬಲ್ಲದು. ಇದಕ್ಕೆ ಶಾಸಕರ ಚೀಟಿ ಬೇಡ. ಝಕಾತ್, ಸದಕಾಗಳ ಲೆಕ್ಕವಿಡುವ ನಮ್ಮ ಅಂಜುಮನ್‌ಗಳು ಮತ್ತು ಮಸೀದಿ ಸಮಿತಿಗಳು ಇನ್ನೊಂದು ವಹಿಯನ್ನೂ ಇಡಬಹುದಲ್ಲವೇ? ಉತಾರವಿದ್ದು ಜಾಮೀನು ನಿಲ್ಲಲು ಸಿದ್ಧರಿರುವ ಹತ್ತು ಮಂದಿಯ ಹೆಸರು, ರಾತ್ರಿ ಎಬ್ಬಿಸಿದರೂ ಬರುವ ಇಬ್ಬರು ವಕೀಲರ ಸಂಖ್ಯೆ, ಕೆಲಸ ಕೊಡುವ ಐವರು ಮಾಲೀಕರ ಒಪ್ಪಿಗೆ. ಜಮಖಂಡಿಯಲ್ಲಿ ಒಂದು, ಮುಧೋಳದಲ್ಲಿ ಒಂದು, ಬೀಳಗಿಯಲ್ಲಿ ಒಂದು, ರಬಕವಿ-ಬನಹಟ್ಟಿಯಲ್ಲಿ ಒಂದು. ನಮ್ಮವರಿಗಷ್ಟೇ ಅಲ್ಲ, ಬಾಗಿಲಿಗೆ ಬಂದ ಯಾವ ಬಡವನಿಗಾದರೂ ಆ ವಹಿ ತೆರೆದಿರಲಿ. ಮುಂದಿನ ಜುಮಾದ ನಂತರ ಸಮಿತಿ ಸೇರಿದಾಗ ಮಿನಾರಿನ ಬಣ್ಣದ ಚರ್ಚೆಗೆ ಮೊದಲು ಈ ವಿಷಯವನ್ನು ಎತ್ತಿಕೊಳ್ಳುವ ಸಮಿತಿಗಳಿದ್ದರೆ ನಮಗೆ ಬರೆದು ತಿಳಿಸಿ. ಅವರ ಅನುಭವವನ್ನು ಇದೇ ಪುಟಗಳಲ್ಲಿ ಪ್ರಕಟಿಸುತ್ತೇವೆ.